ಅಡಿಕೆ ಸುಲಿಯುವವರ ಲೆಕ್ಕ ಮತ್ತು ಅಜೈಲ್ ವಿಧಾನ

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ

ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ಬಿ.ಎ. ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ತಂತ್ರಾಂಶವನ್ನು ಕುರಿತು ಲೇಖನ ಬರೆಯಲು ಹೊರಟರೆ, ಆ ವಿಷಯವನ್ನೇ ಓದುವ ಗೆಳೆಯರು ನಗುವುದು ಸಹಜ. ಅಧಿಕಾರದಿಂದ ಮಾತನಾಡುವಷ್ಟು ತಿಳಿವಳಿಕೆ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಕಳೆದ ವರ್ಷ ಶೆಟ್ಟಿಕೊಪ್ಪದ ನಮ್ಮ ಮನೆಯಲ್ಲಿ ಕುಳಿತು ನಾನೊಂದು ಸಣ್ಣ ತಂತ್ರಾಂಶವನ್ನು ಕಟ್ಟಿದೆ, ಕಟ್ಟುವಾಗ ಕೆಡಿಸಿದೆ, ಕೆಡಿಸಿದ್ದರಿಂದ ಕೆಲವು ಮಂದಿ ಹೆಂಗಸರ ಕೂಲಿಗೆ ಕಡಿತ ಬಂತು. ಆ ಅನುಭವವನ್ನು ಮುಂದಿಟ್ಟುಕೊಂಡು, ಈಗ ತಂತ್ರಾಂಶ ಕಂಪನಿಗಳಲ್ಲಿ ಎಲ್ಲೆಲ್ಲೂ ಕೇಳಿಬರುವ 'ಅಜೈಲ್' ಎಂಬ ಕಾರ್ಯವಿಧಾನ ಎಂಥದು, ಅದು ಎಲ್ಲಿ ಫಲಿಸುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸಲು ಯತ್ನಿಸುತ್ತೇನೆ. ತಪ್ಪಿದ್ದಲ್ಲಿ ಗುರುಗಳು ತಿದ್ದಬೇಕೆಂದು ವಿನಂತಿ.

ನನ್ನ ತಂದೆಯವರು ಅಡಿಕೆ ಮರ ಹತ್ತುವ ಕೊನೆಗಾರರು. ತಾಯಿಯವರು ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಸುಲಿಯುವ ಯಂತ್ರಗಳು ನಮ್ಮ ಸೀಮೆಗೂ ಬಂದಿವೆಯಾದರೂ, ಮೆಟ್ಟುಗತ್ತಿಯ ಮುಂದೆ ಕುಳಿತು ಕೈಯಲ್ಲೇ ಸುಲಿಯುವ ಮನೆಗಳು ಇನ್ನೂ ಉಳಿದಿವೆ. ಅಮ್ಮ ಹೋಗುವ ಮನೆಯಲ್ಲಿ ಹನ್ನೊಂದು ಮಂದಿ ಹೆಂಗಸರು ಸಂಜೆ ಕುಳಿತರೆ ರಾತ್ರಿ ಹತ್ತು ಹನ್ನೊಂದಕ್ಕೆ ಏಳುತ್ತಾರೆ. ಕೂಲಿ ದಿನದ ಲೆಕ್ಕದ್ದಲ್ಲ, ಡಬ್ಬದ ಲೆಕ್ಕದ್ದು. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಮನೆಯವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ವಾರಕ್ಕೊಮ್ಮೆ ಬಟವಾಡೆ. ಬಟವಾಡೆಯ ದಿನ 'ನಂದು ಹದಿನಾಲ್ಕು', 'ಪುಸ್ತಕದಲ್ಲಿ ಹದಿಮೂರೇ ಇದೆ' ಎಂಬ ಮಾತು ತಪ್ಪಿದ್ದಲ್ಲ. ಹೆಂಗಸರಲ್ಲಿ ಓದುಬರಹ ಬಲ್ಲವರು ಕಡಮೆಯಾದ್ದರಿಂದ ಕೊನೆಗೆ ಪುಸ್ತಕವೇ ಗೆಲ್ಲುತ್ತಿತ್ತು. ಯಾರಾದರೂ ಮೋಸ ಮಾಡುತ್ತಿದ್ದರೆಂದು ನಾನು ಹೇಳುತ್ತಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ನಿದ್ದೆಗಣ್ಣಿನಲ್ಲಿ ಬರೆದ ಪುಸ್ತಕ ಅದು.

ಈ ಜಗಳವನ್ನು ತಂತ್ರಾಂಶದಿಂದ ನೀಗಿಸಬಹುದೆಂದು ನನಗೆ ಹೊಳೆದದ್ದು ಮಳೆಗಾಲದಲ್ಲಿ. ನೆರೆಮನೆಯ ಅಣ್ಣನೊಬ್ಬ ಬೆಂಗಳೂರಿನ ಕಂಪನಿಯೊಂದರಲ್ಲಿ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದಾನೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಊರಿನಿಂದಲೇ ಕೆಲಸ ಮಾಡುವ ಅಭ್ಯಾಸ ಹತ್ತಿದವನು, ಈಗಲೂ ವರ್ಷದಲ್ಲಿ ಕೆಲವು ತಿಂಗಳು ಇಲ್ಲಿರುತ್ತಾನೆ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ, ಫೋನಿನ ಪುಟವಾಗಿ ತೆರೆದುಕೊಳ್ಳುವ ಸಣ್ಣಪುಟ್ಟ ತಂತ್ರಾಂಶಗಳನ್ನು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆಯುವುದನ್ನು ನಾನು ಕಲಿತಿದ್ದೆ. ಜೂನ್ ತಿಂಗಳಿಡೀ ಕುಳಿತು ನಲವತ್ತು ಪುಟದ ನೋಟ್‌ಬುಕ್ಕೊಂದರಲ್ಲಿ ಪೂರ್ತಿ ಯೋಜನೆಯನ್ನು ಬರೆದೆ: ಹೆಸರು, ವಿಳಾಸ, ಡಬ್ಬ, ಕೂಲಿ, ಮುಂಗಡ, ಸಾಲ, ವರ್ಷದ ತಖ್ತೆ, ಎಲ್ಲವೂ. ಬಣ್ಣದ ಪೆನ್ನಿನಿಂದ ಗೀಟು ಎಳೆದ ಆ ನೋಟ್‌ಬುಕ್ಕನ್ನು ಅಣ್ಣನಿಗೆ ಹೆಮ್ಮೆಯಿಂದಲೇ ತೋರಿಸಿದೆ.

ಅವನು ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದ. "ಇದನ್ನ ನಿಮ್ಮಮ್ಮಂಗೆ ತೋರ್ಸಿದ್ಯನಾ?"

"ಪೂರ್ತಿ ಆದ್ಮೇಲೆ ತೋರಿಸ್ತೆ ಅಣ್ಣ" ಎಂದೆ.

"ಪೂರ್ತಿ ಆಗೋದು ಯಾವಾಗ ಮಾರಾಯ? ಕೊಯ್ಲು ಮುಗ್ದ ಮೇಲಾ?" ಎಂದು ನಕ್ಕುಬಿಟ್ಟ.

ನನ್ನ ನೋಟ್‌ಬುಕ್ಕಿನ ದಾರಿಗೆ ತಂತ್ರಾಂಶ ಜಗತ್ತಿನಲ್ಲಿ 'ಜಲಪಾತ ಮಾದರಿ' ಎಂದು ಹೆಸರಿರುವುದು ಆಮೇಲೆ ತಿಳಿಯಿತು. ಮೊದಲು ಬೇಕುಬೇಡಗಳ ಪಟ್ಟಿ, ಅದು ಮುಗಿದ ಮೇಲೆ ವಿನ್ಯಾಸ, ವಿನ್ಯಾಸ ಮುಗಿದ ಮೇಲೆ ಬರವಣಿಗೆ, ಅನಂತರ ಪರೀಕ್ಷೆ, ಕಟ್ಟಕಡೆಗೆ ಬಳಸುವವರ ಕೈಗೆ. ಕಿಗ್ಗದ ಬಳಿಯ ಸಿರಿಮನೆ ಜಲಪಾತವನ್ನು ಕಂಡವರಿಗೆ ಇದರ ತೊಡಕು ಕೂಡಲೇ ಅರ್ಥವಾದೀತು: ಕೆಳಗೆ ಬಿದ್ದ ನೀರು ಮತ್ತೆ ಮೇಲೇರುವುದಿಲ್ಲ. ತಂತ್ರಾಂಶಗಳು ಹೇಳಿದ ಕಾಲಕ್ಕೆ ಮುಗಿಯದೆ, ಮುಗಿದರೂ ಕೆಲಸಕ್ಕೆ ಬಾರದೆ ಹೋಗುತ್ತಿದ್ದುದು ಹಳೆಯ ಸಂಕಟ. 1968ರಲ್ಲಿ ಜರ್ಮನಿಯ ಗಾರ್ಮಿಷ್ ಎಂಬಲ್ಲಿ ಇದನ್ನೇ ಚರ್ಚಿಸಲು ದೊಡ್ಡ ಸಮ್ಮೇಳನವೊಂದು ನಡೆಯಿತು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬವರು ಬರೆದ ಪ್ರಬಂಧವೊಂದರಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಈ ಮೆಟ್ಟಿಲುಗಳ ಚಿತ್ರವಿದೆ. ಜಲಪಾತ ಮಾದರಿಯ ಜನಕರೆಂದು ಅವರನ್ನೇ ಕರೆಯುವುದುಂಟು. ವಿನೋದವೇನೆಂದರೆ, ಆ ಪ್ರಬಂಧದಲ್ಲಿ ಜಲಪಾತವೆಂಬ ಶಬ್ದವೇ ಇಲ್ಲ. ಅಷ್ಟೇ ಅಲ್ಲದೆ, ಈ ದಾರಿಯನ್ನು ಇದ್ದ ಹಾಗೆಯೇ ಹಿಡಿಯುವುದು ಅಪಾಯಕರ, ಸೋಲನ್ನು ಕರೆದಂತೆ ಎಂಬ ಅರ್ಥದ ಎಚ್ಚರಿಕೆಯನ್ನು ಅವರೇ ಕೊಟ್ಟಿದ್ದಾರೆ. ಚಿತ್ರವನ್ನು ನೋಡಿದವರು ಮುಂದಿನ ಪುಟವನ್ನು ಓದಲಿಲ್ಲವೆಂದು ತೋರುತ್ತದೆ. ಪರೀಕ್ಷೆಯ ಹಿಂದಿನ ದಿನ ನಾವು ಓದುವ ಕ್ರಮವೂ ಹೆಚ್ಚುಕಡಮೆ ಇದೇ.

ಇದಕ್ಕೆ ಬದಲಾದ ದಾರಿ ಒಂದೇ ದಿನ ಹುಟ್ಟಿದ್ದಲ್ಲ. 1986ರಲ್ಲಿ ಟಕೆಯುಚಿ, ನೊನಾಕ ಎಂಬ ಇಬ್ಬರು ಜಪಾನೀ ವಿದ್ವಾಂಸರು ಹೊಂಡಾ, ಕ್ಯಾನನ್ ಮೊದಲಾದ ಕಂಪನಿಗಳು ಹೊಸ ಸರಕನ್ನು ರೂಪಿಸುವ ಬಗೆಯನ್ನು ಅಭ್ಯಸಿಸಿ, ಒಬ್ಬನ ಕೈಯಿಂದ ಒಬ್ಬನಿಗೆ ಕೋಲು ದಾಟಿಸುವ ಓಟಕ್ಕಿಂತ ಇಡೀ ತಂಡ ಒಟ್ಟಾಗಿ ಚೆಂಡನ್ನು ಒಯ್ಯುವ ರಗ್ಬಿ ಆಟವೇ ಇಂಥ ಕೆಲಸಕ್ಕೆ ಒಳ್ಳೆಯ ಹೋಲಿಕೆ ಎಂದರು. ಆ ಆಟದ ಮಾತಾದ 'ಸ್ಕ್ರಮ್' ಎಂಬ ಹೆಸರಿನಲ್ಲೇ ಸದರ್ಲೆಂಡ್, ಶ್ವೇಬರ್ ಎಂಬ ಇಬ್ಬರು 1995ರಲ್ಲಿ ತಂತ್ರಾಂಶ ಕಟ್ಟುವ ಕ್ರಮವೊಂದನ್ನು ವಿದ್ವತ್ಸಭೆಯ ಮುಂದಿಟ್ಟರು. ಆ ಬಳಿಕ 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮಗುಡ್ಡದ ತಾಣದಲ್ಲಿ 17 ಮಂದಿ ಸೇರಿ ಹೊರಡಿಸಿದ ಘೋಷಣೆಯಿಂದ 'ಅಜೈಲ್' ಎಂಬ ಹೆಸರು ನೆಲೆನಿಂತಿತು. ಚುರುಕಾದದ್ದು, ಬೇಕಾದತ್ತ ಬಾಗಬಲ್ಲದ್ದು ಎಂಬುದು ಆ ಶಬ್ದದ ಭಾವ. ಘೋಷಣೆಯ ತಿರುಳು ಇಷ್ಟು: ಕ್ರಮಗಳೂ ಕಾಗದಪತ್ರಗಳೂ ಕರಾರುಗಳೂ ಯೋಜನೆಗಳೂ ಬೇಕು, ಆದರೆ ಅವುಗಳಿಗಿಂತ ಮನುಷ್ಯರ ಮಾತುಕತೆ, ನಡೆಯುತ್ತಿರುವ ತಂತ್ರಾಂಶ, ಬಳಸುವವರ ಸಹಕಾರ, ಬದಲಾವಣೆಗೆ ಸಿದ್ಧವಾದ ಮನಸ್ಸು ಇವು ಹೆಚ್ಚು ಬೆಲೆಯುಳ್ಳವು. ಇದರಂತೆ ಕೆಲಸವನ್ನು ಎರಡು ವಾರ, ಹೆಚ್ಚೆಂದರೆ ಒಂದು ತಿಂಗಳ ತುಂಡುಗಳಾಗಿ ಒಡೆಯುತ್ತಾರೆ. ಪ್ರತಿ ತುಂಡಿನ ಕೊನೆಗೆ ಬಳಸಬಹುದಾದ ಏನಾದರೊಂದು ಕೈಯಲ್ಲಿರಬೇಕು. ಅದನ್ನು ಬಳಸುವವರಿಗೆ ತೋರಿಸಿ, ಅವರು ಹೇಳಿದ್ದನ್ನು ಕೇಳಿ, ಮುಂದಿನ ತುಂಡನ್ನು ಗೊತ್ತುಮಾಡಬೇಕು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಈ ಚಳವಳಿಯ ಮುಖ್ಯ ಪ್ರಯೋಗಗಳಲ್ಲೊಂದು ನಡೆದದ್ದು ಸಂಬಳದ ಲೆಕ್ಕದಲ್ಲಿ. ಕ್ರೈಸ್ಲರ್ ಎಂಬ ಮೋಟಾರು ಕಂಪನಿಯ ನೌಕರರ ವೇತನ ತಂತ್ರಾಂಶದ ಕೆಲಸಕ್ಕೆ 1996ರಲ್ಲಿ ಕೆಂಟ್ ಬೆಕ್ ಎಂಬವರು ಸೇರಿಕೊಂಡರು. ಬಳಸುವವರ ಪ್ರತಿನಿಧಿಯೊಬ್ಬರು ತಂಡದ ಜೊತೆಯಲ್ಲೇ ಕುಳಿತಿರಬೇಕು, ಬೇಕಾದದ್ದನ್ನು ಸಣ್ಣ ಚೀಟಿಗಳಲ್ಲಿ ಬರೆಯಬೇಕು ಎಂಬಂಥ ರೂಢಿಗಳು ಅಲ್ಲಿ ಬಲಿತವು. 1997ರಲ್ಲಿ ಆ ತಂತ್ರಾಂಶ ಸುಮಾರು 10,000 ನೌಕರರ ಸಂಬಳವನ್ನು ಲೆಕ್ಕ ಹಾಕುತ್ತಿತ್ತು. ಆದರೆ ಉಳಿದ ನೌಕರರಿಗೆಲ್ಲ ಅದನ್ನು ವಿಸ್ತರಿಸುವ ಮೊದಲೇ, 2000ದಲ್ಲಿ, ಕಂಪನಿ ಅದನ್ನು ನಿಲ್ಲಿಸಿತು. ದುಡಿದವರ ಲೆಕ್ಕವನ್ನು ಸರಿಯಾಗಿ ಇಡುವುದು ಎಲ್ಲ ಕಡೆಯೂ ಕಷ್ಟದ ಕೆಲಸವೇ ಎಂದು ಇದನ್ನು ಓದಿದಾಗ ಅನ್ನಿಸಿತು.

ಅಣ್ಣನ ಮಾತಿನಂತೆ ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಿ, ಅಮ್ಮನನ್ನು ಕೇಳಿದೆ. "ನಿಂಗೆ ಎಲ್ಲಕ್ಕಿಂತ ಮೊದ್ಲು ಎಂಥ ಬೇಕು?" ಅಮ್ಮ ಯೋಚಿಸಿ, "ಯಾರ್ದು ಎಷ್ಟು ಡಬ್ಬ ಅಂತ ಅವತ್ತವತ್ತೇ ಗೊತ್ತಾಗ್ಬೇಕು, ಅಷ್ಟೆ" ಎಂದರು. ನಲವತ್ತು ಪುಟಗಳಲ್ಲಿ ಈ ಒಂದು ವಾಕ್ಯ ಇರಲಿಲ್ಲ.

ಕೊಯ್ಲು ಶುರುವಾದಾಗ ಮೊದಲ ತುಂಡು ಸಿದ್ಧವಾಗಿತ್ತು. ಹನ್ನೊಂದು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಗುಂಡಿ. ಒತ್ತಿದರೆ ಒಂದು ಡಬ್ಬ ಸೇರುತ್ತದೆ. ಅಂಗಳದಲ್ಲಿ ಫೋನು ಹಿಡಿದು ತೋರಿಸಿದೆ. ಎಲ್ಲರೂ "ಚೆನ್ನಾಗುಂಟು" ಎಂದರು. ಮೂರನೆಯ ದಿನ ಯಾರೂ ಅದನ್ನು ಮುಟ್ಟಲಿಲ್ಲ. ಕಾರಣ ಅಲ್ಲೇ ಒಂದು ಸಂಜೆ ಕುಳಿತಾಗ ತಿಳಿಯಿತು. ಹಸಿ ಅಡಿಕೆಯ ರಸದಿಂದ ಕಪ್ಪುಗಟ್ಟಿ ಅಂಟಂಟಾದ ಬೆರಳಿಗೆ ಫೋನಿನ ಗಾಜು ಸ್ಪಂದಿಸುವುದಿಲ್ಲ. ಮೇಲಾಗಿ ಸುಲಿಯುವಾಗ ಎರಡು ಕೈಗೂ ಬಿಡುವಿಲ್ಲ. ಹೆಸರನ್ನು ಓದಲಾರದವರಿಗೆ ತಮ್ಮ ಗುಂಡಿ ಯಾವುದೆಂದೇ ತಿಳಿಯುತ್ತಿರಲಿಲ್ಲ. ಎರಡನೆಯ ತುಂಡಿನಲ್ಲಿ ಹೆಸರಿನ ಜಾಗಕ್ಕೆ ಅವರವರ ಫೋಟೋ ಬಂತು. ತಾಯಿಯ ಜೊತೆ ಬಂದು ಅಲ್ಲೇ ಪಾಠ ಓದಿಕೊಳ್ಳುವ ಶಾಲೆಯ ಹುಡುಗಿಯೊಬ್ಬಳು ಒತ್ತುವ ಕೆಲಸವನ್ನು ವಹಿಸಿಕೊಂಡಳು. ಈ ಸಲ ತಂತ್ರಾಂಶ ನಿಜವಾಗಿ ಬಳಕೆಗೆ ಬಂತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಆಗ ಹೆಂಗಸರಿಂದಲೇ ಮೊದಲ ಬೇಡಿಕೆ ಬಂತು: "ಅರ್ಧ ಡಬ್ಬ ಎಲ್ಲಿ ಬರೀತೀಯ?" ರಾತ್ರಿ ಏಳುವ ಹೊತ್ತಿಗೆ ತುಂಬದೆ ಉಳಿದ ಡಬ್ಬವನ್ನು ಅರ್ಧವೆಂದು ಹಿಡಿಯುವುದು ವಾಡಿಕೆ. ಗುಂಡಿಯ ಬದಲು ಅಂಕಿ ಬರೆಯುವ ಜಾಗವನ್ನು ಮಾಡಿ, 2.5 ಎಂದು ಬರೆದರೆ ತೆಗೆದುಕೊಳ್ಳುವಂತೆ ಒಂದೇ ರಾತ್ರಿಯಲ್ಲಿ ತಿದ್ದಿದೆ. ಮೂರನೆಯ ತರಗತಿವರೆಗೆ ಓದಿದ ಹಿರಿಯ ಅಜ್ಜಿಯೊಬ್ಬರು ಕನ್ನಡದ ಅಂಕಿಗಳನ್ನೇ ಬಲ್ಲವರಾದ್ದರಿಂದ ಅದನ್ನೂ ಸೇರಿಸಹೋದೆ. ೨ ಎಂದು ಬರೆದುಕೊಟ್ಟರೆ ಗಣಕವು 'ಇದು ಸಂಖ್ಯೆಯೇ ಅಲ್ಲ' ಎಂಬ ಅರ್ಥದ ಉತ್ತರ ಕೊಟ್ಟಿತು! 1991ರ ಯೂನಿಕೋಡ್ ಸಂಕೇತಪಟ್ಟಿಯಲ್ಲೇ ಕನ್ನಡದ ಅಕ್ಷರಗಳೂ ಅಂಕಿಗಳೂ ಸೇರಿವೆ. ತೆರೆಯ ಮೇಲೆ ೨ ಚೆನ್ನಾಗಿಯೇ ಕಾಣುತ್ತದೆ. ಆದರೆ ಎಣಿಸುವ ಆಜ್ಞೆಗೆ ಅದು ಬರಿಯ ಚಿತ್ರವಿದ್ದಂತೆ. ಅದನ್ನು ಆಮೇಲೆ ನೋಡೋಣವೆಂದು ಚೀಟಿ ಬರೆದಿಟ್ಟೆ.

ಇನ್ನು ನನ್ನ ತಪ್ಪಿನ ವಿಷಯ. ಫೋನಿನಲ್ಲಿ ಬರೆದ ಅಂಕಿ ಗಣಕಕ್ಕೆ ಮೊದಲು ಅಕ್ಷರಗಳಾಗಿಯೇ ತಲುಪುತ್ತದೆ. ಅದನ್ನು ಸಂಖ್ಯೆಯಾಗಿ ಮಾಡಲು ಬೇರೆಬೇರೆ ಆಜ್ಞೆಗಳಿವೆ. ಇಡೀ ಡಬ್ಬಗಳೇ ಇದ್ದ ಕಾಲದಲ್ಲಿ ವಾರದ ಮೊತ್ತ ಕೂಡುವ ಕಡೆ ನಾನು 'ಪಾರ್ಸ್‌ಇಂಟ್' ಎಂಬ ಆಜ್ಞೆಯನ್ನು ಬಳಸಿದ್ದೆ. ಅದು ಪೂರ್ಣಾಂಕವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಎರಡೂವರೆಯನ್ನು ಕೊಟ್ಟರೆ ಎರಡನ್ನು ಹಿಂದಿರುಗಿಸಿ ಸುಮ್ಮನಾಗುತ್ತದೆ, ತಪ್ಪಾಯಿತೆಂದು ಕೂಗುವುದಿಲ್ಲ. ದಿನದ ಸಾಲಿನಲ್ಲಿ 2.5 ಎಂದೇ ಕಾಣುತ್ತಿತ್ತು. ಮೊತ್ತದಲ್ಲಿ ಅರ್ಧ ಮಾಯವಾಗುತ್ತಿತ್ತು. ನಾನು ಪರೀಕ್ಷಿಸಿದ್ದು ದಿನದ ಸಾಲನ್ನು ಮಾತ್ರ.

ಇಂಥದು ದೊಡ್ಡವರಿಗೂ ಆಗಿದೆ. ಕೆನಡಾದ ವ್ಯಾಂಕೂವರ್ ಷೇರು ಮಾರುಕಟ್ಟೆಯು 1982ರಲ್ಲಿ 1,000ದಿಂದ ಆರಂಭಿಸಿದ ಸೂಚ್ಯಂಕವನ್ನು, ಪ್ರತಿ ಸಲ ಲೆಕ್ಕ ಹಾಕುವಾಗಲೂ ಮೂರು ದಶಮಾಂಶ ಸ್ಥಾನದ ಆಚೆಗಿನದನ್ನು ಕತ್ತರಿಸಿ ಎಸೆಯುತ್ತಿತ್ತು. ಎರಡು ವರ್ಷ ತುಂಬುವ ಮೊದಲೇ ಅದು ಸುಮಾರು 520ಕ್ಕೆ ಇಳಿದಿತ್ತು. 1983ರಲ್ಲಿ ತಪ್ಪನ್ನು ಕಂಡು ಸರಿಪಡಿಸಿದಾಗ 1,000ವನ್ನು ಮೀರಿತು. ಅವರಿಗೆ ಸಾವಿರದಲ್ಲೊಂದಕ್ಕಿಂತ ಸಣ್ಣ ಚೂರು, ನಮಗೆ ಅರ್ಧ ಡಬ್ಬ.

ದುರದೃಷ್ಟವೆಂದರೆ, ಆ ಹೊತ್ತಿಗೆ ಮನೆಯವರು ತಮ್ಮ ಪುಸ್ತಕವನ್ನು ಬದಿಗಿಟ್ಟು ಫೋನಿನ ಮೊತ್ತವನ್ನೇ ನಂಬತೊಡಗಿದ್ದರು. ಹಾಗಾಗಿ ಎರಡು ಬಟವಾಡೆಗಳು ನನ್ನ ತಪ್ಪು ಮೊತ್ತದ ಮೇಲೆಯೇ ನಡೆದುಹೋದವು. ಯಾರೂ ಜಗಳವಾಡಲಿಲ್ಲ. ಜಗಳ ನಿಂತದ್ದನ್ನು ಕಂಡು ನಾನು ಇದೇ ಜಯವೆಂದು ಬಗೆದೆ.

ಒಂದು ರಾತ್ರಿ ಕರೆಂಟು ಹೋದಾಗ ಬೆಂಕಿಪೊಟ್ಟಣ ಹುಡುಕುತ್ತ ಅಡಿಗೆಮನೆಯ ಒಲೆಯ ಹಿಂದಿನ ಗೋಡೆಗೆ ಟಾರ್ಚು ಬಿಟ್ಟೆ. ಇದ್ದಿಲಿನಿಂದ ಎಳೆದ ಗೆರೆಗಳು. ಉದ್ದ ಗೆರೆ ಇಡೀ ಡಬ್ಬ, ಗಿಡ್ಡ ಗೆರೆ ಅರ್ಧ. ಆ ಎರಡು ವಾರದಲ್ಲಿ 38 ಉದ್ದ, 5 ಗಿಡ್ಡ; ಎಂದರೆ ನಲವತ್ತೂವರೆ. ನನ್ನ ಫೋನಿನಲ್ಲಿ 38. ಅಮ್ಮನನ್ನು ಎಬ್ಬಿಸಿ ಕೇಳಿದೆ.

"ಅಮ್ಮ, ಕಮ್ಮಿ ಬಂದಿದ್ದು ನಿಂಗೆ ಗೊತ್ತಿತ್ತಾ? ಎಂಥಕ್ಕೆ ಹೇಳ್ಲಿಲ್ಲ?"

"ನೀನು ಓದಿದವ ಮಗಾ. ನಂದೇ ಲೆಕ್ಕ ತಪ್ಪಿರ್ಬೌದು ಅಂತ ಮಾಡಿದೆ. ಆದ್ರೂ ಗೆರೆ ಎಳಿಯೋದು ಬಿಡ್ಲಿಲ್ಲ."

ಪುಸ್ತಕದ ಎದುರು ವಾದಿಸುತ್ತಿದ್ದವರು ಮಗನ ಫೋನಿನ ಎದುರು ಬಾಯಿ ಮುಚ್ಚಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಸಂಗತಿಯನ್ನು ನಾನು ಅದುವರೆಗೆ ಅಭಿಮಾನದಿಂದಲೇ ಹೇಳಿಕೊಳ್ಳುತ್ತಿದ್ದೆ.

ಮರುದಿನ ದಿನದಿನದ ಸಾಲುಗಳನ್ನೆಲ್ಲ ಕೈಯಿಂದ ಕೂಡಿ ನೋಡಿದಾಗ, ಹನ್ನೊಂದು ಮಂದಿಯಲ್ಲಿ ಎಂಟು ಜನರ 19 ಅರ್ಧಗಳು ಹೋಗಿದ್ದವು. ಒಂಬತ್ತೂವರೆ ಡಬ್ಬದ ಕೂಲಿ. ಅಣ್ಣ ಬೈಯಲಿಲ್ಲ. ಅವನ ಕಡೆ ಪ್ರತಿ ತುಂಡಿನ ಕೊನೆಗೆ ಹಿಂತಿರುಗಿ ನೋಡುವ ಸಭೆಯೊಂದು ಉಂಟಂತೆ. ತಪ್ಪು ಯಾರದೆಂದು ಕೇಳದೆ, ತಪ್ಪು ಹೇಗೆ ನುಸುಳಿತು, ಏಕೆ ಕಾಣಲಿಲ್ಲ ಎಂದು ಕೇಳಬೇಕಂತೆ. ನುಸುಳಿದ್ದು ಅವಸರದಿಂದ. 1992ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು ತಂತ್ರಾಂಶದಲ್ಲಿ ಹೀಗೆ ಸದ್ಯಕ್ಕೆ ಆಗಲೆಂದು ಮಾಡಿದ್ದನ್ನು ಸಾಲಕ್ಕೆ ಹೋಲಿಸಿದರು; ತಿದ್ದದೆ ಬಿಟ್ಟಷ್ಟು ದಿನ ಬಡ್ಡಿ ಏರುತ್ತದೆ. ನನ್ನ ಸಾಲದ ಬಡ್ಡಿಯನ್ನು ಆ ಎಂಟು ಮಂದಿ ಕಟ್ಟಿದ್ದರು. ಏಕೆ ಕಾಣಲಿಲ್ಲವೆಂಬ ಎರಡನೆಯ ಪ್ರಶ್ನೆಗೆ ಮಾತ್ರ ಗಣಕಯಂತ್ರದೊಳಗೆ ಉತ್ತರವಿರಲಿಲ್ಲ.

ಅಜೈಲ್ ವಿಧಾನವನ್ನು ವರ್ಣಿಸುವವರೆಲ್ಲ ಬಳಸುವವರ ಅಭಿಪ್ರಾಯವನ್ನು ಕೇಳಿ ಎನ್ನುತ್ತಾರೆ. ಕೇಳಿದರೆ ಅವರು ನಿಜ ಹೇಳುತ್ತಾರೆಂಬ ನಂಬಿಕೆ ಅದರೊಳಗೆ ಅಡಗಿದೆ. ನಮ್ಮಲ್ಲಿ ಓದಿದವನ ಮುಂದೆ ಓದದವರು, ಯಜಮಾನರ ಮುಂದೆ ಕೂಲಿಯವರು 'ಚೆನ್ನಾಗುಂಟು' ಎನ್ನುವುದು ಅಭಿಪ್ರಾಯವಲ್ಲ, ಮರ್ಯಾದೆ. ಕಂಪನಿಗಳಲ್ಲಿಯೂ ಇದು ಬೇರೆಯಲ್ಲವೆಂದು ಅಣ್ಣನ ದಿನಚರಿಯನ್ನು ನೋಡಿದರೆ ತೋರುತ್ತದೆ. ಬೆಳಿಗ್ಗೆ ಹದಿನೈದು ನಿಮಿಷದ ಸಭೆ: ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೀ, ಅಡ್ಡಿ ಏನು? ಸಂಗಡಿಗರು ಒಬ್ಬರಿಗೊಬ್ಬರು ನೆರವಾಗಲೆಂದು ಹುಟ್ಟಿದ ಈ ಮಾತುಕತೆ ಅವನಿದ್ದ ಒಂದು ತಂಡದಲ್ಲಿ ಮೇಲಿನವರಿಗೆ ಒಪ್ಪಿಸುವ ಹಾಜರಿಯಾಗಿತ್ತು. ಮಳೆಯಲ್ಲಿ ಕೊಡೆ ಹಿಡಿದು ನೆಟ್‌ವರ್ಕ್ ಸಿಗುವ ದಿಬ್ಬಕ್ಕೆ ಹೋಗಿ 'ಅಡ್ಡಿ ಏನೂ ಇಲ್ಲ' ಎಂದು ಹೇಳಿ ಬರುತ್ತಿದ್ದ. ಕೆಲಸದ ಗಾತ್ರವನ್ನು ಅಂದಾಜು ಮಾಡಲು ಅವರು ಕೊಡುವ ಅಂಕವನ್ನು 'ಪಾಯಿಂಟು' ಎನ್ನುತ್ತಾರೆ. ಮುಂದಿನ ಎರಡು ವಾರಕ್ಕೆ ಎಷ್ಟು ಕೆಲಸ ಹಿಡಿಸೀತೆಂದು ತಂಡ ತಾನೇ ತಿಳಿಯಲು ಅದು ಸಾಧನ. ಅದನ್ನೇ ಕೂಲಿಯ ಡಬ್ಬದಂತೆ ಎಣಿಸಿ, ಹೋದ ಸಲ ಮೂವತ್ತು, ಈ ಸಲ ಏಕೆ ಇಪ್ಪತ್ತೈದು ಎಂದು ಕೇಳತೊಡಗಿದರೆ ಜನ ಅಂದಾಜನ್ನೇ ಉಬ್ಬಿಸುತ್ತಾರೆ. ಡಬ್ಬವಾದರೂ ಕಣ್ಣಿಗೆ ಕಾಣುತ್ತದೆ. ಪಾಯಿಂಟು ಅದೂ ಇಲ್ಲ. ಹಾಗೆಂದು ವಿಧಾನವೇ ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ. ನಲವತ್ತು ಪುಟದ ದಾರಿಯನ್ನೇ ಹಿಡಿದಿದ್ದರೆ ಈ ತಪ್ಪು ಇಡೀ ಕೊಯ್ಲಿನ ಉದ್ದಕ್ಕೂ ಬೆಳೆಯುತ್ತಿತ್ತು.

ಆ ದಿನ ಸಂಜೆ ಅಂಗಳದಲ್ಲಿ ಎಲ್ಲರ ಮುಂದೆ ನಿಂತು, ತಪ್ಪು ನನ್ನದೆಂದು ಹೇಳಿ, ಯಾರಿಗೆ ಎಷ್ಟು ಬರಬೇಕೆಂಬ ಪಟ್ಟಿಯನ್ನು ಓದಿದೆ. ಮನೆಯವರು ಮುಂದಿನ ಬಟವಾಡೆಯಲ್ಲಿ ಬಾಕಿಯನ್ನು ಸೇರಿಸಿ ಕೊಟ್ಟರು. ಆಗ ಒಬ್ಬೊಬ್ಬರಾಗಿ ತಮ್ಮ ಗುಟ್ಟು ಬಿಚ್ಚಿದರು: ಒಬ್ಬರು ಡಬ್ಬಕ್ಕೊಂದರಂತೆ ಅಡಿಕೆಯನ್ನು ಕರಡಿಗೆಯಲ್ಲಿ ಹಾಕಿಡುತ್ತಿದ್ದರು, ಇನ್ನೊಬ್ಬರು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ನಾನು ಬಳಕೆದಾರರ ಬಳಿ ಲೆಕ್ಕವೇ ಇಲ್ಲವೆಂದುಕೊಂಡು ಕೆಲಸಕ್ಕೆ ಇಳಿದಿದ್ದೆ. ಆಜ್ಞೆಯನ್ನು ತಿದ್ದಿದ್ದು ಒಂದು ನಿಮಿಷದ ಕೆಲಸ. ಅದಕ್ಕಿಂತ ಹೆಚ್ಚಿನದು ಅಂದು ಮಾಡಿಕೊಂಡ ಒಪ್ಪಂದ: ರಾತ್ರಿ ಏಳುವ ಮೊದಲು ಹುಡುಗಿ ಪ್ರತಿಯೊಬ್ಬರ ಅಂದಿನ ಲೆಕ್ಕವನ್ನೂ ವಾರದ ಮೊತ್ತವನ್ನೂ ಗಟ್ಟಿಯಾಗಿ ಓದಬೇಕು, ಅವರ ಗೆರೆ, ಗಂಟು, ಅಡಿಕೆಗೆ ಅದು ತಾಳೆಯಾಗದಿದ್ದರೆ ಸರಿಯಾಗುವವರೆಗೆ ಯಾರೂ ಏಳಬಾರದು. ಮೊದಲ ವಾರ ಒಬ್ಬರೂ ತುಟಿ ತೆರೆಯಲಿಲ್ಲ. ಎರಡನೆಯ ವಾರ ಗಂಟಿನವರು "ನಂದು ಒಂದು ಕಮ್ಮಿ ಓದಿದೆ ನೀನು" ಎಂದರು. ಹುಡುಗಿ ಮೇಲಿನ ಸಾಲನ್ನು ಬಿಟ್ಟಿದ್ದಳು.

ಅಷ್ಟಾದ ಮೇಲೆ ಅಮ್ಮನಿಗೂ ಧೈರ್ಯ ಬಂತೆಂದು ಕಾಣುತ್ತದೆ. ಕೊಯ್ಲಿನ ಕೊನೆಯ ದಿನಗಳಲ್ಲಿ ಒಮ್ಮೆ ನೆಟ್ಟಗೆ ಕೇಳಿಯೇಬಿಟ್ಟರು. "ಒಬ್ರು ಡಬ್ಬದ ಬಾಯಿ ಸಮಕ್ಕೆ ಅಳೀತಾರೆ, ಇನ್ನೊಬ್ರು ಮೇಲೆ ಗುಪ್ಪೆ ಮಾಡಿ ಅಳೀತಾರೆ. ನಿನ್ನ ಫೋನಿಗೆ ಗುಪ್ಪೆ ಕಾಣ್ತದನಾ?"

ಕಾಣುವುದಿಲ್ಲ. ಎರಡಕ್ಕೂ ಅದು ಒಂದು ಎಂದೇ ಬರೆದುಕೊಳ್ಳುತ್ತದೆ. ತೂಕಕ್ಕೆ ಬದಲಿಸೋಣವೆಂದರೆ ಯಜಮಾನರು ಒಪ್ಪಬೇಕು. ಅವರನ್ನು ಒಪ್ಪಿಸುವ ಆಜ್ಞೆ ಜಾವಾಸ್ಕ್ರಿಪ್ಟಿನಲ್ಲಿಲ್ಲ.

ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ಹೊತ್ತಿಗೆ ಮುಂದಿನ ಕೊಯ್ಲಿಗೆಂದು ಬರೆದಿಟ್ಟ ಏಳು ಚೀಟಿಗಳು ನನ್ನ ಮೇಜಿನ ಮೇಲಿವೆ. ಕನ್ನಡ ಅಂಕಿಯ ಚೀಟಿ ಎರಡನೆಯದು. ಎಲ್ಲಕ್ಕಿಂತ ಮೇಲಿನದರಲ್ಲಿ ಗುಪ್ಪೆ ಎಂಬ ಒಂದೇ ಶಬ್ದವಿದೆ. ಹಬ್ಬಕ್ಕೆ ಸುಣ್ಣ ಬಳಿಯುವಾಗ ಒಲೆಯ ಹಿಂದಿನ ಗೋಡೆಯನ್ನು ಹಾಗೆಯೇ ಬಿಡಬೇಕೆಂದು ಅಮ್ಮ ಅಪ್ಪನಿಗೆ ಹೇಳಿದ್ದಾರೆ.